ಬೋರ್ಡ್ ಸುಟ್ಟಿದೆ, ಮಳೆಯ ಲೆಕ್ಕ ಸುಟ್ಟಿಲ್ಲ

ಏಪ್ರಿಲ್ ಕೊನೆಯಿಂದ ಜೂನ್ ಶುರುವಿನ ತನಕ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು "ಸಿಡಿಲು ಹೊಡೀತು, ಕಂಪ್ಯೂಟರ್ ಸತ್ತೋಯ್ತು" ಎಂಬಲ್ಲಿಂದ ಶುರುವಾಗುತ್ತವೆ. ಶಿವಮೊಗ್ಗದ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ನೆಂಟರಿಷ್ಟರ ಪಾಲಿಗೆ ನಾನೇ ರಿಪೇರಿಯವನು. ಮದರ್‌ಬೋರ್ಡ್ ಹೋಗಿರಬೇಕು, ತೋರಿಸಿ ಎಂದು ಹೇಳಿ ಫೋನ್ ಇಡುತ್ತೇನೆ. ವಾರ ಹತ್ತು ದಿನ ಬಿಟ್ಟು ಅದೇ ನಂಬರಿನಿಂದ ಮತ್ತೆ ಫೋನು. "ಬೋರ್ಡ್ ಹಾಕ್ಸಾಯ್ತು. ಆದ್ರೂ ವಿಂಡೋಸ್ ಬರ್ತಿಲ್ಲ. ಫಾರ್ಮ್ಯಾಟ್ ಮಾಡ್ಬೇಕಂತೆ, ಮಾಡ್ಸಿಬಿಡ್ಲಾ?"

ನನಗೆ ಹೊಟ್ಟೆ ಉರಿಯುವುದು ಈ ಎರಡನೇ ಫೋನಿಗೆ. ಎಷ್ಟೋ ಸಲ ಅದು ಬರುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿರುತ್ತದೆ; ಮಗಳ ನಾಮಕರಣದ ಫೋಟೋ ಇರುವುದಿಲ್ಲ, ತೀರಿಹೋದ ಅಜ್ಜಿ ಹೇಳಿದ ಸೋಬಾನೆಯ ರೆಕಾರ್ಡಿಂಗ್ ಇರುವುದಿಲ್ಲ, ಸೊಸೈಟಿ ಸಾಲದ ಲೆಕ್ಕ ಇರುವುದಿಲ್ಲ. ಅವನ್ನೆಲ್ಲ ಸಿಡಿಲು ತಿನ್ನಲಿಲ್ಲ. ಸಿಡಿಲು ತಿಂದದ್ದು ಬೋರ್ಡನ್ನು. ಡಿಸ್ಕಿನಲ್ಲಿದ್ದದ್ದು ಆ ರಾತ್ರಿಯೂ ಅಲ್ಲೇ ಇತ್ತು, ಅಂಗಡಿಯ ಮೇಜಿನ ಮೇಲೂ ಅಲ್ಲೇ ಇತ್ತು. ಅಳಿಸಿದ್ದು ಮನುಷ್ಯರ ಕೈ.

ಬೋರ್ಡಿನ ಮೇಲೆ ಉಳಿಯುವುದು ಬಹಳ ಸ್ವಲ್ಪ. ಬಯೋಸ್ (ಆನ್ ಆದ ಕೂಡಲೇ ಬೋರ್ಡಿನಲ್ಲೇ ಓಡುವ ಪುಟ್ಟ ತಂತ್ರಾಂಶ) ಸೆಟ್ಟಿಂಗುಗಳು, ಯಾವ ಡಿಸ್ಕಿನಿಂದ ಬೂಟ್ ಆಗಬೇಕೆಂಬ ನೆನಪು, ಈಚಿನ ಬೋರ್ಡುಗಳಲ್ಲಾದರೆ ಟಿಪಿಎಂ ಎಂಬ ಭದ್ರತಾ ಚಿಪ್ಪಿನ ಕೀಲಿಗಳು. ಮಿಕ್ಕಿದ್ದೆಲ್ಲ, ವಿಂಡೋಸ್ ಸಹಿತ, ಡಿಸ್ಕಿನದು. ಬೋರ್ಡ್ ಬದಲಾದಾಗ ಹೋಗುವುದು ಆ ನೆನಪು ಮಾತ್ರ. ಹೊಸದಾಗಿ ಬಂದ ಪೋಸ್ಟ್‌ಮ್ಯಾನ್‌ಗೆ ಮನೆ ಸಿಗಲಿಲ್ಲ ಅಂದರೆ ಮನೆ ಬಿದ್ದುಹೋಗಿದೆ ಅಂತಲ್ಲವಲ್ಲ. ಇಷ್ಟನ್ನು ಅಂಗಡಿಯವರೂ ಗಿರಾಕಿಗಳೂ ಮನಸ್ಸಿನಲ್ಲಿ ಇಟ್ಟುಕೊಂಡರೆ ಮಲೆನಾಡಿನ ಎಷ್ಟು ಮನೆಗಳ ನೆನಪು ಉಳಿಯುತ್ತಿತ್ತೋ.

ಈ ಸಲ ಸರದಿ ನಮ್ಮ ದೊಡ್ಡಪ್ಪನದು. ಮೇಗರವಳ್ಳಿ ಕಡೆ ಅವರ ತೋಟ. ಮೂರನೇ ತಲೆಮಾರಿನ ಕೋರ್ ಐ3 ಪ್ರೊಸೆಸರಿನ ಹಳೇ ಡೆಸ್ಕ್‌ಟಾಪ್. ಅದರಲ್ಲಿ ಅವರ ಮಳೆಯ ಲೆಕ್ಕವಿದೆ. ಅಂಗಳದ ರೈನ್‌ಗೇಜ್ ನೋಡಿ ಬಂದು ಬೆಳಿಗ್ಗೆ ತಿಂಡಿಗೆ ಮೊದಲು ಎಕ್ಸೆಲ್‌ನಲ್ಲಿ ಬರೆಯುತ್ತಾರೆ. ಹವಾಮಾನ ಇಲಾಖೆ ಮಳೆಯ ದಿನವನ್ನು ಬೆಳಿಗ್ಗೆ 8:30ರಿಂದ ಮರುದಿನ 8:30ಕ್ಕೆ ಎಣಿಸುತ್ತದೆ, ಇವರದೂ ಅದೇ ಪದ್ಧತಿ. ಅಳತೆ ಮಾತ್ರ ಇಂಚಿನಲ್ಲಿ. ಒಂದು ಕಾಲಂ ತಾರೀಕು, ಒಂದು ಕಾಲಂ ಮಳೆ ನಕ್ಷತ್ರ, ಒಂದು ಇಂಚು, ಕೊನೆಯದು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ದಿನ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಹೀಗೆ ಒಂದೊಂದು ಮಳೆಗೂ ಕೆಳಗೆ ಒಟ್ಟು ಮೊತ್ತ. ಅಡಿಕೆಗೆ ಕೊಳೆ ರೋಗ ತಾಗದಂತೆ ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಔಷಧಿ ಹೊಡೆಯಬೇಕು. ಆ ಎರಡನೆಯದಕ್ಕೆ ಮಳೆ ಎಂದು ಬಿಡುವು ಕೊಡುತ್ತದೆ ಎನ್ನುವುದರ ಮೇಲೆ ಇಡೀ ವರ್ಷದ ಫಸಲು ನಿಂತಿರುತ್ತದೆ. ಆಗುಂಬೆಯ ಮಳೆ ಎಷ್ಟೆಂದು ಇಲಾಖೆಯ ದಾಖಲೆಯಲ್ಲಿ ಸಿಕ್ಕೀತು. ನಮ್ಮ ತೋಟದ ತಲೆಯ ಮೇಲೆ ಎಷ್ಟು ಬಿತ್ತು ಎನ್ನುವುದು ಈ ಒಂದು ಫೈಲ್ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಜೊತೆಗೆ ತಾಳಮದ್ದಲೆಗೆ ಅವರು ಬರೆದುಕೊಂಡ ಅರ್ಥದ ಟಿಪ್ಪಣಿಗಳು, ಎಲ್ಲ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು.

ಮೇ ತಿಂಗಳ ಒಂದು ಸಂಜೆ ಸಿಡಿಲು ಬಡಿಯಿತು. ಕಂಪ್ಯೂಟರಿನ ಪ್ಲಗ್ ಕಿತ್ತೇ ಇಟ್ಟಿದ್ದರು, ಮೋಡೆಮ್‌ನಿಂದ ಬಂದ ಲ್ಯಾನ್ ಕೇಬಲ್ ಮಾತ್ರ ಹಾಗೇ ಇತ್ತು. ಲ್ಯಾಂಡ್‌ಲೈನಿನ ತಾಮ್ರದ ತಂತಿ ಕಂಬದಿಂದ ಕಂಬಕ್ಕೆ ಗುಡ್ಡ ಹತ್ತಿ ಇಳಿದು ಬರುತ್ತದೆ. ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲಿನ ಒಂದು ಪಾಲು ಆ ತಂತಿಯಲ್ಲಿ ಬಂದು ಮೋಡೆಮ್ ದಾಟಿ ಬೋರ್ಡಿನ ಲ್ಯಾನ್ ಚಿಪ್ಪಿಗೆ ನುಗ್ಗಿದೆ. ಆಮೇಲೆ ನಾನು ಆ ಹಳೇ ಬೋರ್ಡ್ ನೋಡಿದೆ. ಪೋರ್ಟಿನ ಹಿಂದಿನ ಪುಟ್ಟ ಚಿಪ್ಪಿನ ನಡುವೆ ಸಾಸಿವೆ ಕಾಳಿನಷ್ಟು ಗುಳಿ, ಸುತ್ತ ಕಂದು ಮಸಿ.

ಪೇಟೆಯ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಎಚ್61 ಬೋರ್ಡ್ ಒಂದು ಹಾಕಿದರು. 2011ರಲ್ಲಿ ಬಂದ ಚಿಪ್‌ಸೆಟ್ ಅದು. ಈಗಲೂ ನಮ್ಮ ಕಡೆ ರಿಪೇರಿಗೆ ಅದೇ ಆಧಾರ, ಯಾಕೆಂದರೆ ಎರಡನೇ, ಮೂರನೇ ತಲೆಮಾರಿನ ಪ್ರೊಸೆಸರುಗಳು ಇನ್ನೂ ಮನೆಮನೆಯಲ್ಲಿವೆ. ಅಂಗಡಿಯ ಹುಡುಗ ಬೋರ್ಡನ್ನು ಮೇಜಿನ ಮೇಲೇ ಇಟ್ಟು ಡಿಸ್ಕ್ ಜೋಡಿಸಿ ಆನ್ ಮಾಡಿದ್ದಾನೆ, ನೀಲಿ ಪರದೆ ಬಂದಿದೆ. "ವಿಂಡೋಸ್ ಕರಪ್ಟ್ ಆಗಿದೆ ಅಂಕಲ್, ಫಾರ್ಮ್ಯಾಟ್ ಹೊಡೀಬೇಕು, ಡೇಟಾ ಸಿಗಲ್ಲ" ಎಂದಿದ್ದಾನೆ. ದೊಡ್ಡಪ್ಪ "ಮಳೆ ಲೆಕ್ಕ ಅದರಲ್ಲೇ ಇದ್ಯಲ್ಲ ಮಾರಾಯ. ಏನೂ ಮಾಡ್ಬೇಡ, ಫಿಟ್ ಮಾಡಿ ಹಾಗೇ ಕೊಡು" ಎಂದು ಬಸ್ಸಿನಲ್ಲಿ ತಂದಿದ್ದಾರೆ. ಮನೆಗೆ ಬಂದು ಹಾಕಿದರೆ ನೀಲಿ ಪರದೆಯೂ ಇಲ್ಲ. ಫ್ಯಾನ್ ಒಂದು ಸುತ್ತು ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಮಾನಿಟರ್ ಕಪ್ಪು.

ಇಲ್ಲಿ ಎರಡು ಬೇರೆ ಕಾಯಿಲೆಗಳಿವೆ. ಅವನ್ನು ಬೇರೆಯಾಗಿಯೇ ನೋಡದಿದ್ದರೆ ತಲೆ ಕೆಡುತ್ತದೆ. ಡಿಸ್‌ಪ್ಲೇ ಬರದಿದ್ದರೆ ಡಿಸ್ಕಿನ ಮಾತೇ ಎತ್ತಬಾರದು. ಬೋರ್ಡ್ ಆನ್ ಆದ ತಕ್ಷಣ ಮೊದಲು ತನ್ನನ್ನೇ ತಾನು ಪರೀಕ್ಷೆ ಮಾಡಿಕೊಳ್ಳುತ್ತದೆ: ಪ್ರೊಸೆಸರ್ ಇದೆಯಾ, ರ‍್ಯಾಮ್ ಇದೆಯಾ, ಚಿತ್ರ ಎಲ್ಲಿಗೆ ಕಳಿಸಲಿ. ಅದು ಮುಗಿದ ಮೇಲೆಯೇ ಡಿಸ್ಕ್ ಹುಡುಕುವುದು. ಡಿಸ್ಕ್ ಕಿತ್ತು ಪಕ್ಕಕ್ಕಿಟ್ಟರೂ ಕಂಪನಿಯ ಲೋಗೋ ಬರಲೇಬೇಕು, ಬಯೋಸ್ ತೆರೆಯಲೇಬೇಕು. ಅದಕ್ಕೇ ನಾನು ಮೊದಲು ಮಾಡುವ ಕೆಲಸ ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಡುವುದು. ಮುಂದೆ ಏನೇ ಎಡವಟ್ಟಾದರೂ ಲೆಕ್ಕ ಸುರಕ್ಷಿತ ಅನ್ನುವ ಧೈರ್ಯ ಇರುತ್ತದೆ, ಕೈ ನಡುಗುವುದಿಲ್ಲ.

ಜಗಲಿಯಲ್ಲಿ ಹಳೇ ಪೇಪರ್ ಹಾಸಿ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಪೂರ್ತಿ ಹೊರಗೆ ತೆಗೆದೆ. ಬೋರ್ಡಿನ ಜೊತೆ ಬರುವ ಹೊಳೆಯುವ ಕವರಿನ ಮೇಲೆ ಇಟ್ಟು ಆನ್ ಮಾಡುವವರಿದ್ದಾರೆ, ಮಾಡಬೇಡಿ. ಆ ಕವರ್ ಒಂದಿಷ್ಟು ವಿದ್ಯುತ್ ಹರಿಯಬಿಡುತ್ತದೆ. ಪೇಪರ್, ರಟ್ಟು, ಒಣ ಹಲಗೆ ಯಾವುದಾದರೂ ಸರಿ. ಕರೆಂಟ್ ಕೊಡುವ ಡಬ್ಬಿಯ, ಅಂದರೆ ಎಸ್‌ಎಂಪಿಎಸ್‌ನ 24 ಪಿನ್ನಿನ ದೊಡ್ಡ ಕನೆಕ್ಟರ್ ಹಾಕಿ, ಪ್ರೊಸೆಸರಿನ ಪಕ್ಕದ 4 ಪಿನ್ನಿನದ್ದನ್ನೂ ಹಾಕಿದೆ. ಈ ಸಣ್ಣದನ್ನು ಮರೆಯುವುದು ಬೋರ್ಡ್ ಬದಲಿಸುವವರಲ್ಲಿ ತೀರಾ ಸಾಮಾನ್ಯ: ಫ್ಯಾನ್ ತಿರುಗುತ್ತದೆ, ಪ್ರೊಸೆಸರಿಗೆ ಮಾತ್ರ ಕರೆಂಟೇ ಹೋಗಿರುವುದಿಲ್ಲ. ರ‍್ಯಾಮ್ ತೆಗೆದು ಪುಟ್ಟ ಸ್ಪೀಕರ್ ಸಿಕ್ಕಿಸಿ, ಪವರ್ ಸ್ವಿಚ್ಚಿನ ಎರಡು ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆ. ಉದ್ದುದ್ದ ಬೀಪ್. ರ‍್ಯಾಮ್ ಇಲ್ಲವೆಂದು ಬೋರ್ಡ್ ಕೂಗುತ್ತಿದೆ, ಅಂದರೆ ಬೋರ್ಡಿಗೂ ಪ್ರೊಸೆಸರಿಗೂ ಜೀವವಿದೆ. ರ‍್ಯಾಮ್‌ನ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ನಮ್ಮ ತೇವಕ್ಕೆ ಅವು ಮಂಕಾಗಿ ಸಂಪರ್ಕ ಬಿಡುವುದು ಮಳೆಗಾಲದ ನಿತ್ಯದ ಕತೆ. ಎರಡೂ ಕಡೆ ಕ್ಲಿಪ್ ಟಕ್ ಅನ್ನುವಂತೆ ಒತ್ತಿ ಆನ್ ಮಾಡಿದರೆ ಮಾನಿಟರಿನಲ್ಲಿ ಬೆಳಕು.

ಹೊರಗೆ ಓಡುವ ಬೋರ್ಡ್ ಕ್ಯಾಬಿನೆಟ್ಟಿನ ಒಳಗೆ ಯಾಕೆ ಓಡುವುದಿಲ್ಲ? ಟಾರ್ಚ್ ಬಿಟ್ಟು ತಗಡನ್ನು ನೋಡಿದೆ. ಬೋರ್ಡ್ ತಗಡಿಗೆ ತಾಗದಂತೆ ಎತ್ತಿ ಹಿಡಿಯಲು ಹಿತ್ತಾಳೆಯ ಪುಟ್ಟ ಗೂಟಗಳಿರುತ್ತವಲ್ಲ, ಸ್ಟ್ಯಾಂಡಾಫ್, ಅವು ಹಳೇ ಬೋರ್ಡಿನ ತೂತುಗಳಿಗೆ ಸರಿಯಾಗಿ ಕೂತಿದ್ದವು. ಹೊಸ ಬೋರ್ಡಿನಲ್ಲಿ ಒಂದು ಕಡೆ ತೂತೇ ಇಲ್ಲ. ಅಲ್ಲಿದ್ದ ಗೂಟವನ್ನು ಯಾರೂ ತೆಗೆದಿರಲಿಲ್ಲ. ಬೋರ್ಡನ್ನು ಮಗುಚಿ ಹಿಡಿದರೆ ಅದೇ ಜಾಗದಲ್ಲಿ ಬೆಸುಗೆಯ ಮೊನೆಗಳ ಮೇಲೆ ಹಿತ್ತಾಳೆ ಉಜ್ಜಿದ ಹಳದಿ ಗೆರೆ. ಅಲ್ಲಿ ಶಾರ್ಟ್ ಆಗುತ್ತಿತ್ತು. ಎಸ್‌ಎಂಪಿಎಸ್ ಅಪಾಯ ಕಂಡು ತಾನೇ ಆಫ್ ಆಗುತ್ತಿತ್ತು, ಆಮೇಲೆ ಮತ್ತೆ ಎದ್ದು ಬರುತ್ತಿತ್ತು. ಗೂಟ ಬಿಚ್ಚಿ ಬೋರ್ಡ್ ಕೂರಿಸಿದ್ದಕ್ಕೆ ಡಿಸ್‌ಪ್ಲೇ ಒಳಗೂ ಬಂತು. ಹೊರಗೆ ತೆಗೆದು ನೋಡುವುದು ಬೇಸರದ ಕೆಲಸ, ಆದರೆ ಇಂಥ ದೋಷ ಒಳಗಿಟ್ಟುಕೊಂಡು ಎಷ್ಟು ಹೊತ್ತು ಹುಡುಕಿದರೂ ಸಿಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡುವುದನ್ನಂತೂ ನಾನು ಎಂದೂ ಬಿಡುವುದಿಲ್ಲ. ರ‍್ಯಾಮ್ ಬದಲಿಸಿ, ಎಸ್‌ಎಂಪಿಎಸ್ ಬದಲಿಸಿ, ಬಯೋಸ್ ರಿಸೆಟ್ ಮಾಡಿ ಎಲ್ಲ ಒಟ್ಟಿಗೆ ಮಾಡಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಎಚ್61 ತರುವವರು ಇನ್ನೊಂದು ವಿಷಯ ಗಮನಿಸಬೇಕು. ಪ್ರೊಸೆಸರ್ ಕೂರುವ ಸಾಕೆಟ್ ಒಂದೇ ಇದ್ದ ಮಾತ್ರಕ್ಕೆ ಬೋರ್ಡ್ ಪ್ರೊಸೆಸರನ್ನು ಗುರುತು ಹಿಡಿಯುತ್ತದೆಂದಿಲ್ಲ. ಮೂರನೇ ತಲೆಮಾರಿನ ಪ್ರೊಸೆಸರ್ ಬಂದದ್ದು 2012ರಲ್ಲಿ; ಅದಕ್ಕೂ ಮುಂಚಿನ ಬಯೋಸ್ ಇರುವ ಬೋರ್ಡಿಗೆ ಅದು ಯಾರೆಂದು ಗೊತ್ತಿಲ್ಲ, ಫ್ಯಾನ್ ತಿರುಗಿಸಿಕೊಂಡು ಸುಮ್ಮನಿರುತ್ತದೆ. ಎರಡನೇ ತಲೆಮಾರಿನ ಪ್ರೊಸೆಸರ್ ಒಂದನ್ನು ಹಾಕಿ ಬಯೋಸ್ ಅಪ್‌ಡೇಟ್ ಮಾಡಿದರೆ ದಾರಿಗೆ ಬರುತ್ತದೆ. ನಮ್ಮದರಲ್ಲಿ ಆ ತೊಂದರೆ ಇರಲಿಲ್ಲ.

ಈಗ ಕಪಾಟಿನಿಂದ ಡಿಸ್ಕ್ ತೆಗೆದು ಜೋಡಿಸಿದೆ. ಅಂಗಡಿಯಲ್ಲಿ ಬಂದದ್ದೇ ಬಂತು: ಕಿಟಕಿಯ ಗುರುತು, ತಿರುಗುವ ಚುಕ್ಕೆಗಳು, ನೀಲಿ ಪರದೆ, ಕೆಳಗೆ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್". ಹಿಂದೆ ಇದೇ ದೋಷ 7ಬಿ ಎಂಬ ಸಂಖ್ಯೆಯಲ್ಲಿ ಬರುತ್ತಿತ್ತು, ಹಳೇ ರಿಪೇರಿಯವರಿಗೆ ಚಿರಪರಿಚಿತ. ದೊಡ್ಡಪ್ಪ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಅಂಗ್ಡಿಯವ್ನು ಹೇಳಿದ್ದೇ ಸರಿ ಅಲ್ವನೋ?" ಎಂದರು. ನಾನು ಹೇಳಿದೆ, "ಇಲ್ಲ ದೊಡ್ಡಪ್ಪ, ನೋಡಿ. ಕಿಟಕಿ ಗುರುತು ಬಂತಲ್ಲ, ಅದು ಬಂದದ್ದೇ ಡಿಸ್ಕಿನಿಂದ. ಡಿಸ್ಕ್ ಹೋಗಿದ್ರೆ ಅಷ್ಟೂ ಬರ್ತಿರ್ಲಿಲ್ಲ."

ವಿಂಡೋಸ್ ರಿಪೇರಿಗೆ ಕೈ ಹಾಕುವ ಮುಂಚೆ ಫೈಲುಗಳನ್ನು ಹೊರಗೆ ತೆಗೆಯಬೇಕು. ಉಬುಂಟು (ವಿಂಡೋಸಿನ ಬದಲಿಗೆ ಬಳಸಬಹುದಾದ ಉಚಿತ ಲಿನಕ್ಸ್) ಹಾಕಿದ ಪೆನ್‌ಡ್ರೈವ್ ಒಂದು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಅದರಿಂದ ಬೂಟ್ ಮಾಡಿದರೆ ಡಿಸ್ಕಿನಲ್ಲಿ ಒಂದಕ್ಷರ ಬರೆಯದೆ ಇಡೀ ಕಂಪ್ಯೂಟರ್ ಓಡುತ್ತದೆ. ವಿಂಡೋಸ್ ಪೂರ್ತಿ ಆಫ್ ಆಗದೆ ಅರೆನಿದ್ದೆಯಲ್ಲಿ ನಿಂತಿದ್ದರೆ, ಅಂದರೆ ಫಾಸ್ಟ್ ಸ್ಟಾರ್ಟಪ್ ಇದ್ದರೆ, ಲಿನಕ್ಸ್ ಆ ಡಿಸ್ಕನ್ನು ಓದಲು ಮಾತ್ರ ತೆರೆಯುತ್ತದೆ. ನಮಗೆ ಬೇಕಾದದ್ದೂ ಅಷ್ಟೆ. ಡಿ ಡ್ರೈವ್ ತೆರೆಯಿತು. "ಮಳೆ" ಫೋಲ್ಡರ್ ಅಲ್ಲೇ ಇತ್ತು. ಫೈಲ್ ಒತ್ತಿದರೆ ಅಂಕಿಗಳೆಲ್ಲ ಸರಿಯಾಗಿವೆ, ನಕ್ಷತ್ರದ ಕಾಲಮ್ಮಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕೆ, ಗೀಟು ಹಾಕಿದಂಥ ಗೋಜಲು. ದೊಡ್ಡಪ್ಪನ ಮುಖ ಇಳಿಯಿತು. "ಅಕ್ಷರ ಎಲ್ಲಾ ಸುಟ್ಟೋಗಿದೆ."

ಸುಟ್ಟಿರಲಿಲ್ಲ. ಹಳೇ 'ನುಡಿ', 'ಬರಹ' ತಂತ್ರಾಂಶಗಳ ಅಕ್ಷರ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಆ ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ, ಇಲ್ಲದಿದ್ದರೆ ಈ ಗೋಜಲು. ಡಿಸ್ಕಿನ ವಿಂಡೋಸ್ ಫೋಲ್ಡರಿನಲ್ಲಿ ಆ ಫಾಂಟ್ ಇತ್ತು, ಅಲ್ಲಿಂದಲೇ ತಂದು ಉಬುಂಟುವಿಗೆ ಹಾಕಿದೆ. ಶೀಟ್ ಮುಚ್ಚಿ ತೆರೆದರೆ ಆರಿದ್ರೆ, ಪುನರ್ವಸು, ಪುಷ್ಯ ಸಾಲಾಗಿ ಬಂದವು. ದೊಡ್ಡಪ್ಪ ಮೌಸ್ ನನ್ನ ಕೈಯಿಂದ ತೆಗೆದುಕೊಂಡು ಮೇಲಕ್ಕೆ ಕೆಳಕ್ಕೆ ಓಡಿಸಿ ಓಡಿಸಿ ನೋಡಿದರು. "2019ರ ಆಶ್ಲೇಷ ನೋಡೋ, ಆ ವರ್ಷ ಸೇತುವೆ ಮೇಲೆ ನೀರು ಹೋಗಿತ್ತಲ್ಲ" ಎಂದು ಅಂಕಿ ಓದಿ ಹೇಳಿದರು. ಈ ಗೋಜಲನ್ನು ನೋಡಿ ಫೈಲ್ ಕೆಟ್ಟಿದೆಯೆಂದು ಅಳಿಸಿದವರನ್ನು ನಾನು ಬಲ್ಲೆ. ಕನ್ನಡದಲ್ಲಿ ಟೈಪ್ ಮಾಡಿಟ್ಟವರ ಡಿಸ್ಕ್ ಕೈಗೆ ಬಂದಾಗ ರಿಪೇರಿಯವರು ಇದನ್ನು ತಿಳಿದಿರಲೇಬೇಕು. ಎಲ್ಲ ಫೈಲುಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿದ ಮೇಲೆಯೇ ವಿಂಡೋಸ್ ಕಡೆ ತಿರುಗಿದ್ದು.

ನೀಲಿ ಪರದೆಯ ಕಾರಣ ಬಯೋಸ್‌ನ ಒಂದೇ ಒಂದು ಸಾಲು. ಸಾಟಾ ಡಿಸ್ಕನ್ನು ಬೋರ್ಡ್ ಎರಡು ರೀತಿ ಮಾತಾಡಿಸಬಲ್ಲದು: ಹಳೇ ಐಡಿಇ ರೀತಿ, ಹೊಸ ಎಎಚ್‌ಸಿಐ ರೀತಿ. ದೊಡ್ಡಪ್ಪನ ವಿಂಡೋಸನ್ನು ಮೊದಲು ಹಾಕುವಾಗ ಹಳೇ ಬೋರ್ಡ್ ಐಡಿಇಯಲ್ಲಿತ್ತು. ವಿಂಡೋಸ್ 7ರಿಂದ 10ಕ್ಕೆ ಏರಿಸಿದರೂ ಅದು ಹಾಗೇ ಉಳಿದಿತ್ತು. ಬೂಟ್ ಆಗುವ ಮೊದಲ ಗಳಿಗೆಗೆ ಬೇಕಾದ ಡ್ರೈವರುಗಳನ್ನು (ಯಂತ್ರದ ಭಾಗಗಳ ಜೊತೆ ಮಾತಾಡುವ ಪುಟ್ಟ ತಂತ್ರಾಂಶಗಳನ್ನು) ಮಾತ್ರ ವಿಂಡೋಸ್ ಮುಂದಿಟ್ಟುಕೊಂಡಿರುತ್ತದೆ. ಹೊಸ ಬೋರ್ಡ್ ಎಎಚ್‌ಸಿಐಯಲ್ಲಿ ಇದ್ದದ್ದರಿಂದ ಆ ಡ್ರೈವರ್ ಮುಂದಿನ ಸಾಲಿನಲ್ಲಿರಲಿಲ್ಲ, ತನ್ನದೇ ಡಿಸ್ಕ್ ವಿಂಡೋಸಿಗೆ ಸಿಗದೇ ಹೋಯಿತು. ಬಯೋಸ್‌ನಲ್ಲಿ ಐಡಿಇ ಎಂದು ಬದಲಿಸಿ ಸೇವ್ ಮಾಡಲು ಎಫ್10 ಒತ್ತಿದೆ. ಡೆಸ್ಕ್‌ಟಾಪ್ ಬಂತು, ಅದೇ ಹಳೇ ತೋಟದ ಫೋಟೋ ಸಹಿತ.

ಅಲ್ಲಿಗೇ ಬಿಟ್ಟರೂ ನಡೆಯುತ್ತಿತ್ತು. ಆದರೆ ಎಎಚ್‌ಸಿಐ ವೇಗ ಚೆನ್ನ, ಮುಂದೆ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಹಾಕುವುದಿದ್ದರೆ ಅದೇ ಬೇಕು. ವಿಂಡೋಸಿನ ಎಂಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗ್ ಪರದೆ ತೆರೆದು ಬೂಟ್ ಟ್ಯಾಬಿನಲ್ಲಿ ಸೇಫ್ ಬೂಟ್ ಗುರುತು ಹಾಕಿ, ರೀಸ್ಟಾರ್ಟ್ ಮಾಡಿ ಬಯೋಸ್‌ನಲ್ಲಿ ಎಎಚ್‌ಸಿಐ ಮಾಡಿದೆ. ಸೇಫ್ ಮೋಡಿನಲ್ಲಿ ವಿಂಡೋಸ್ ಆ ಡ್ರೈವರನ್ನು ತಾನೇ ಎಬ್ಬಿಸಿಕೊಳ್ಳುತ್ತದೆ. ಆಮೇಲೆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್. ಸಾಲದ್ದಕ್ಕೆ ಬಯೋಸ್‌ನ ನಾಣ್ಯದಂಥ ಸಿಆರ್2032 ಸೆಲ್ ಕೂಡ ಬದಲಿಸಿದೆ. ಸೆಲ್ ಸೋತರೆ ಈ ಸೆಟ್ಟಿಂಗ್ ಮರೆತುಹೋಗಿ ಮುಂದಿನ ತಿಂಗಳು ಮತ್ತೆ ಅದೇ ನೀಲಿ ಪರದೆ ಬರಬಹುದಿತ್ತು.

ಹೊಸ ಕಂಪ್ಯೂಟರುಗಳಲ್ಲಿ ಕತೆ ಬೇರೆ ಕಡೆಯಿಂದ ಬರುತ್ತದೆ. ಅವು ಹಳೇ ಬಯೋಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ರೀತಿಯಲ್ಲಿ ಬೂಟ್ ಆಗುವಂಥವು. ಹಳೇ ಎಂಬಿಆರ್ ರೀತಿಯಲ್ಲಿ ಭಾಗ ಮಾಡಿದ ಡಿಸ್ಕನ್ನು ಅಂಥ ಬೋರ್ಡಿಗೆ ಹಾಕಿದರೆ "ಬೂಟ್ ಡಿವೈಸ್ ಇಲ್ಲ" ಎನ್ನುತ್ತದೆ. ಬಯೋಸ್‌ನಲ್ಲಿ ಹಳೇ ರೀತಿಯಲ್ಲೂ ಬೂಟ್ ಮಾಡಿಸುವ ಸಿಎಸ್‌ಎಂ ಇದ್ದರೆ ಅದನ್ನು ಆನ್ ಮಾಡಿದರೆ ಸಾಕು. ಇಲ್ಲದಿದ್ದರೆ ಡೇಟಾ ಅಳಿಸದೆ ಎಂಬಿಆರ್‌ನಿಂದ ಹೊಸ ರೀತಿಯಾದ ಜಿಪಿಟಿಗೆ ಬದಲಿಸುವ ಸಾಧನ 2017ರಿಂದ ವಿಂಡೋಸ್ 10ರಲ್ಲೇ ಇದೆ. ಬ್ಯಾಕಪ್ ತೆಗೆದುಕೊಂಡು ಬಳಸಬೇಕು. ಇವಕ್ಕೆ ಯಾವುದಕ್ಕೂ ಫಾರ್ಮ್ಯಾಟ್ ಬೇಕಿಲ್ಲ. ಎರಡು ಮೂರು ಸಲ ಬೂಟ್ ಸೋತ ಮೇಲೆ ವಿಂಡೋಸ್ ತಾನಾಗಿ ತೋರಿಸುವ ರಿಪೇರಿ ಪರದೆಯಲ್ಲಿ "ರಿಸೆಟ್ ದಿಸ್ ಪಿಸಿ" ಎಂದು ಇರುತ್ತದಲ್ಲ, ಗಾಬರಿಯಲ್ಲಿ ಅದನ್ನು ಒತ್ತಬೇಡಿ. ವಿಂಡೋಸ್ ನಿಜವಾಗಿ ಕೆಟ್ಟಿದ್ದರೂ ಸಣ್ಣದೊಂದು ಎಸ್‌ಎಸ್‌ಡಿ ತಂದು ಹೊಸ ವಿಂಡೋಸನ್ನು ಅದಕ್ಕೆ ಹಾಕಿಸಿ, ಹಳೇ ಡಿಸ್ಕನ್ನು ಎರಡನೆಯದಾಗಿ ಜೋಡಿಸಬಹುದು.

ನಾನು ಹೆದರುವ ಒಂದೇ ಸಂದರ್ಭ ಬಿಟ್‌ಲಾಕರ್. ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಎಷ್ಟೋ ಸಲ ಮಾಲೀಕರಿಗೆ ಗೊತ್ತಿಲ್ಲದೆಯೇ ಡಿಸ್ಕಿಗೆ ಬೀಗ ಬಿದ್ದಿರುತ್ತದೆ, ಬೀಗದ ಕೀಲಿ ಬೋರ್ಡಿನ ಟಿಪಿಎಂನಲ್ಲಿ. ಬೋರ್ಡ್ ಹೋದರೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಶಿವಮೊಗ್ಗದಲ್ಲಲ್ಲ, ಜಗತ್ತಿನ ಯಾವ ಅಂಗಡಿಯಲ್ಲೂ ಆ ಡೇಟಾ ಸಿಗುವುದಿಲ್ಲ. ಸಾಮಾನ್ಯವಾಗಿ ಆ ಅಂಕಿಗಳು ಅದೇ ಅಕೌಂಟಿನಲ್ಲಿ ಉಳಿದಿರುತ್ತವೆ. ಮಗ ಮಗಳು ಬೆಂಗಳೂರಿನಿಂದ ತಂದುಕೊಟ್ಟ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಅದು ಯಾರ ಅಕೌಂಟ್ ಎಂದು ಇವತ್ತೇ ಕೇಳಿ, ಆ 48 ಅಂಕಿಗಳನ್ನು ಕಾಗದದಲ್ಲಿ ಬರೆದು ಆರ್‌ಟಿಸಿ, ಪಾಸ್‌ಬುಕ್ ಇಡುವ ಪೆಟ್ಟಿಗೆಯಲ್ಲಿ ಇಡಿ.

ಸಿಡಿಲಿನದ್ದೂ ಒಂದು ಮಾತು. ನಮ್ಮ ಹಳೇ ಮನೆಗಳ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಪೈಪ್ ಇಳಿಸಿರುತ್ತಾರೆ. ಆ ಮಣ್ಣು ಒದ್ದೆಯಿದ್ದರೆ ಕೆಲಸ ಮಾಡುತ್ತದೆ, ಒಣಗಿದರೆ ಇದ್ದೂ ಇಲ್ಲದ ಹಾಗೆ. ನಮ್ಮ ಕಡೆ ಸಿಡಿಲು ಜೋರಾಗಿರುವುದು ಏಪ್ರಿಲ್, ಮೇನಲ್ಲಿ, ಅಂದರೆ ನಾಲ್ಕೈದು ತಿಂಗಳು ಸರಿಯಾದ ಮಳೆ ಕಾಣದೆ ಜಂಬಿಟ್ಟಿಗೆ ಮಣ್ಣು ಕಾದು ಒಣಗಿರುವಾಗಲೇ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಹೊಯ್ಯುವುದು ದೊಡ್ಡ ಕೆಲಸವಲ್ಲ. ಅರ್ಥಿಂಗ್ ಎಷ್ಟೇ ಚೆನ್ನಾಗಿದ್ದರೂ ಮೋಡ ಕಟ್ಟುವಾಗಲೇ ಪ್ಲಗ್ ಕೀಳಬೇಕು, ಲ್ಯಾನ್ ಕೇಬಲ್ಲೂ ಕೀಳಬೇಕು. ಗುಡುಗು ತಲೆ ಮೇಲೆ ಬಂದ ಮೇಲೆ ತಂತಿ ಮುಟ್ಟಲು ಹೋಗಬಾರದು. ದೊಡ್ಡಪ್ಪನ ಮನೆಗೆ ಈಗ ಫೈಬರ್ ಎಳೆಸಿದ್ದೇವೆ. ಗಾಜಿನ ಎಳೆಯಲ್ಲಿ ಸಿಡಿಲು ಹರಿದು ಬರುವುದಿಲ್ಲ, ಆದರೆ ಆ ಡಬ್ಬಿಗೂ ಕರೆಂಟಿನ ಅಡಾಪ್ಟರ್ ಇದೆ, ಅದನ್ನೂ ಕೀಳಲು ಹೇಳಿದ್ದೇನೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಪ್ರೊಸೆಸರಿಗೆ ವಿಂಡೋಸ್ 11 ಒಪ್ಪುವುದಿಲ್ಲ. ಉಬುಂಟುವೇ ಸಾಕು ಅಂತ ದೊಡ್ಡಪ್ಪ ಹೇಳುತ್ತಿದ್ದಾರೆ. ಹಾಗೆ ಮಾಡಬೇಕಾದರೆ ಹಳೇ 'ನುಡಿ'ಯ ಫೈಲುಗಳೆಲ್ಲ ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಜಾಗ ಇರುವ ರೀತಿಗೆ ಬರಬೇಕು. ಮಳೆಯ ಶೀಟ್ ಆಗಲೇ ಬದಲಾಯಿತು, ಅದರಲ್ಲಿ ಅಕ್ಷರ ಕಡಿಮೆ. ತಾಳಮದ್ದಲೆಯ ಟಿಪ್ಪಣಿ ನಿಧಾನ: ಕನ್ವರ್ಟರಿನಲ್ಲಿ ಹಾಕಿದಾಗ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ, ಕರ್ಣನ ಹೆಸರೇ ಕೆಟ್ಟು ಬರುತ್ತದೆ. ನಾನು ಶಿವಮೊಗ್ಗದಿಂದ ಒಂದೊಂದು ಪ್ರಸಂಗ ಬದಲಿಸಿ ಕಳಿಸುತ್ತೇನೆ, ಅವರು ರಾತ್ರಿ ಊಟ ಆದ ಮೇಲೆ ಓದಿ ತಿದ್ದುತ್ತಾರೆ. ಕರ್ಣಪರ್ವ ಮುಗಿದಿದೆ, ಸಂಧಾನ ನಡೆಯುತ್ತಿದೆ.